ನಾಲ್ಕು ಗಂಟೆ ಮೇಲಿನ ತಾರೀಕು

ಭಾನುವಾರ, ಜೂನ್ ಒಂಬತ್ತು

ನನ್ನ ಪ್ರೀತಿಯ ಅಕ್ಕನಿಗೆ,

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ಎರಡನೇ ಮಾತಿಗೇ 'ಒಲೆ ಮೇಲೆ ಹಾಲಿಟ್ಟಿದೀನಿ ಕಣೇ' ಅಂತ ಇಟ್ಟುಬಿಡುತ್ತೀಯ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ. ಒಬ್ಬಳೇ ಕೂತು ಓದು. ಭಾವನಿಗೆ ಆಮೇಲೆ ತೋರಿಸುವೆಯಂತೆ.

ಆ ಡಾಕ್ಯುಮೆಂಟರಿ ನೋಡಿದೆಯಾ? ಗಡಿಯಾರ ರಿಪೇರಿಯವರ ಕೊಲೆಯದು. ನೋಡಿಲ್ಲ ಎಂದರೆ ನಾನು ನಂಬುವುದಿಲ್ಲ. ನಾವಿಬ್ಬರೂ ಕೆಲಸಕ್ಕಿದ್ದ ಲಾಂಡ್ರಿಯ ಬೀದಿಯನ್ನು ಎರಡು ಸಲ ತೋರಿಸುತ್ತಾರೆ. ಲಾಂಡ್ರಿ ಇದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ. ಕೋರ್ಟಿನಲ್ಲಿ ನೀನು ಹೇಳಿದ ಸಾಕ್ಷಿಯನ್ನು ಯಾರೋ ನಟಿಯ ಕೈಲಿ ಓದಿಸಿದ್ದಾರೆ. ಏನು ಮೆತ್ತಗಿನ ದನಿ ಅಂತೀಯಾ! ನಿನ್ನ ಗಂಟಲು ಕೇಳಿದವರು ಯಾರೂ ಅವಳನ್ನು ಆರಿಸುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮೂರು ವಾರದಿಂದ ಅದೇ ಕೋರ್ಟು. ಸಂಜೆ ಟೀ ಲೋಟ ಹಿಡಿದು ಎಲ್ಲರೂ ಜಡ್ಜುಗಳೇ. ಅತ್ತೆ ಮೊದಲ ಕಂತಿನಲ್ಲೇ 'ಇವನೇ ಕೊಂದಿರೋದು, ಮೂಗು ನೋಡಿದ್ರೆ ಗೊತ್ತಾಗಲ್ವಾ' ಅಂದರು. ನಮ್ಮನೆಯವರು ಎಲೆಕ್ಟ್ರಿಷಿಯನ್ ಅಲ್ಲವೇ, ಬೀದಿದೀಪ ಎಷ್ಟು ದೂರದಲ್ಲಿತ್ತು, ಆ ಬೆಳಕಿಗೆ ಕೋಟಿನ ಬಣ್ಣ ಕಾಣುತ್ತದೆಯೇ ಎಂದು ಟೇಪು ತೆಗೆದರು. ಮಗಳು ಫೋನಿನಲ್ಲಿ ಜನ ಬರೆದದ್ದನ್ನು ಗಟ್ಟಿಯಾಗಿ ಓದುತ್ತಾಳೆ. ನನಗೆ ಡಾಕ್ಯುಮೆಂಟರಿಗಿಂತ ಅದರದ್ದೇ ಹುಚ್ಚು ಹಿಡಿಯಿತು. ಆಳಿಗೊಂದು ಮಾತು. ಒಬ್ಬ ಅಳುತ್ತಾನೆ, ಒಬ್ಬ ಗಲ್ಲಿಗೇರಿಸಿ ಅನ್ನುತ್ತಾನೆ. ಯಾರೋ ಒಬ್ಬಳು ಗಡಿಯಾರದವರ ಮೇಜಿನ ಮೇಲಿದ್ದ ಸ್ಕ್ರೂಡ್ರೈವರುಗಳನ್ನು ಎಣಿಸಿ, ಒಂದು ಕಮ್ಮಿ ಇದೆ ಎಂದು ನಾಲ್ಕು ಪುಟ ಬರೆದಿದ್ದಾಳೆ. ಇಷ್ಟು ಬಿಡುವು ಜನರಿಗೆ ಎಲ್ಲಿಂದ ಬರುತ್ತದೋ ಎಂದು ಬೈಯುತ್ತಲೇ ನಾನೂ ಸಾವಿರಗಟ್ಟಲೆ ಓದಿದೆ.

ನೀನು ನೋಡಿಲ್ಲ ಎಂದೇ ಹಟ ಹಿಡಿದರೆ ಅಂತ ಕೇಸನ್ನು ಎರಡು ಮಾತಲ್ಲಿ ಹೇಳುತ್ತೇನೆ. ಹದಿಮೂರನೇ ತಾರೀಕು ರಾತ್ರಿ ಎಂಟರ ಸುಮಾರಿಗೆ ಗಡಿಯಾರದವರ ಕೊಲೆಯಾಯಿತು. ಕಂದು ಕೋಟು ಹಾಕಿದವನೊಬ್ಬ ಓಡಿದ್ದನ್ನು ಎದುರುಮನೆಯವರು ಕಂಡರು. ಅಂಥದೇ ಕೋಟಿದ್ದ ಆ ಪುಸ್ತಕದ ಬೈಂಡರನನ್ನು ಹಿಡಿದರು. ಅವನಿಗೂ ಗಡಿಯಾರದವರಿಗೂ ಹಿಂದಿನ ವಾರ ಜಗಳವಾಗಿತ್ತು. ಕೋಟು ಎಲ್ಲಿ ಅಂದರೆ ನಮ್ಮ ಲಾಂಡ್ರಿಯಲ್ಲಿ, ಒಗೆದು ಇಸ್ತ್ರಿಯಾಗಿ ನೇತಾಡುತ್ತಿತ್ತು. ಹದಿಮೂರರ ಸಂಜೆಯೇ ಕೊಟ್ಟಿದ್ದೆ ಎಂದು ಅವನು, ಚೀಟಿಯ ಮೇಲೆ ಹದಿನಾಲ್ಕರ ಸೀಲು ಇದೆಯಲ್ಲ ಎಂದು ಪೊಲೀಸರು. ಕೊಂದು, ಮಾರನೇ ದಿನ ರಕ್ತ ತೊಳೆಸಿದ ಎಂದು ತೀರ್ಪಾಯಿತು. ಇಪ್ಪತ್ತೆರಡು ವರ್ಷದಿಂದ ಒಳಗಿದ್ದಾನೆ. ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ.

ಆ ಚೀಟಿಯನ್ನು ಪರದೆ ತುಂಬ ತೋರಿಸುತ್ತಾರೆ ಅಕ್ಕ. 'ಕೋಟು, ಒಂದು, ಕಂದು.' ಆಮೇಲೆ ಅವನು ಹೇಳುತ್ತಾನೆ: 'ಕೌಂಟರಲ್ಲಿ ಆ ಅಮ್ಮ ಇರಲಿಲ್ಲ. ಒಬ್ಬಳು ಚಿಕ್ಕ ಹುಡುಗಿ ಇದ್ಲು. ಹೆಬ್ಬೆರಳಿಗೆ ಬಟ್ಟೆ ಸುತ್ಕೊಂಡಿದ್ಲು. ಅವಳನ್ನ ಹುಡುಕಿ ಕೇಳಿ.' ಅದಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದಾರೆ. ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ಅಂಥ ಹುಡುಗಿಯೇ ಇಲ್ಲ. ಕೋಟು ತೆಗೆದುಕೊಂಡವಳು ನಾನೇ ಎಂದು ನೀನು ಪ್ರಮಾಣ ಮಾಡಿ ಹೇಳಿದ್ದೀಯ. ಹಾಗಾಗಿ ಅವಳಿಗೆ 'ಮಾಯದ ಹುಡುಗಿ' ಎಂದು ಹೆಸರಿಟ್ಟಿದ್ದಾರೆ. 'ಸ್ವಾಮಿ, ನಮ್ಮನೆ ಬೀಗದಕೈ ಕಳೆದಿದೆ, ಮಾಯದ ಹುಡುಗಿ ಎತ್ಕೊಂಡ್ಲಾ' ಎಂದು ಒಬ್ಬ. ನಮ್ಮ ಮನೆಯಲ್ಲೂ ಈಗ ಚಮಚ ಕಾಣದಿದ್ದರೆ ಅವಳ ಮೇಲೇ ಹಾಕುತ್ತಾರೆ.

ನಾನೂ ನಕ್ಕೆ, ಅಕ್ಕ. ಎಲ್ಲರ ಜೊತೆ ಕೂತು, ಟೀ ಲೋಟ ಹಿಡಿದುಕೊಂಡು. ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಮಗಳ ಫೋನಿನಿಂದ ಒಂದು ಕಾಮೆಂಟೂ ಹಾಕಿದೆ: 'ಇಂಥವರನ್ನು ಬಿಟ್ಟರೆ ನಾಳೆ ಇನ್ನೊಬ್ಬರ ಮನೆ ಹಾಳು.' ನೂರಾ ಹನ್ನೆರಡು ಜನ ಮೆಚ್ಚಿದ್ದಾರೆ.

ಹೋದ ಭಾನುವಾರ ತುಂಬ ಕೆಳಗೆ, ಯಾರೂ ಗಮನಿಸದ ಒಂದು ಕಾಮೆಂಟು ಕಣ್ಣಿಗೆ ಬಿತ್ತು. ಎಲ್ಲಿಯವನೋ, ಡ್ರೈಕ್ಲೀನಿಂಗ್ ಅಂಗಡಿಯವನಂತೆ. 'ನಮ್ಮಲ್ಲಿ ಸಂಜೆ ಬಂದ ಬಟ್ಟೆಗೆ ಮಾರನೇ ದಿನದ ಸೀಲು ಒತ್ತುತ್ತೇವೆ. ಇವರ ಅಂಗಡಿಯಲ್ಲಿ ಹೇಗಿತ್ತು ಅಂತ ಯಾರಾದರೂ ಕೇಳಿದಿರಾ?' ಅಷ್ಟೇ ಬರೆದಿದ್ದ. ಒಬ್ಬರೂ ಉತ್ತರ ಕೊಟ್ಟಿಲ್ಲ. ಇಷ್ಟು ಕೋಟಿ ಜನ ನೋಡಿ, ಸ್ಕ್ರೂಡ್ರೈವರು ಎಣಿಸಿ, ಮೂಗು ಅಳೆದು, ಕೇಳಬೇಕಾದ್ದನ್ನು ಕೇಳಿದವನು ಒಬ್ಬನೇ.

ಹೇಗಿತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾಲ್ಕು ಹೊಡೆದ ಕೂಡಲೇ ಲಾಂಡ್ರಿ ಯಜಮಾನರು ಸೀಲಿನ ಚಕ್ರವನ್ನು ಮರುದಿನದ ತಾರೀಕಿಗೆ ತಿರುಗಿಸುತ್ತಿದ್ದರು. 'ಮೂರು ದಿನದಲ್ಲಿ ವಾಪಸ್' ಎಂದು ಬೋರ್ಡು ಹಾಕಿ, ಒಂದು ದಿನ ಹೆಚ್ಚು ಗಿಟ್ಟಿಸುವ ಉಪಾಯ. ನಮಗದು ಎಷ್ಟು ರೂಢಿಯಾಗಿತ್ತೆಂದರೆ ಸಂಜೆ ಐದಕ್ಕೆ ಯಾರಾದರೂ ಇವತ್ತು ಯಾವ ವಾರ ಅಂದರೆ ನಾಳೆಯದನ್ನು ಹೇಳುತ್ತಿದ್ದೆವು. ಕೋರ್ಟಿನಲ್ಲಿ ನಿನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಇದು ನಿಮ್ಮ ಸೀಲೇ? ಬಟ್ಟೆ ತಗೊಂಡ ದಿನದ ತಾರೀಕನ್ನೇ ಹಾಕುತ್ತೀರಾ? ಎರಡಕ್ಕೂ ನೀನು ಹೌದು ಅಂದೆ. ನೀನು ಬೇಕೆಂದು ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು. ಲಾಂಡ್ರಿಯ ಲೆಕ್ಕದಲ್ಲಿ ಅದೇ ದಿನ. ವಿಚಾರಣೆ ಬರುವ ಹೊತ್ತಿಗೆ ಯಜಮಾನರು ತೀರಿಹೋಗಿದ್ದರು, ಬಿಡಿಸಿ ಹೇಳುವವರೂ ಇರಲಿಲ್ಲ.

ಆದರೆ ಕೋಟು ತೆಗೆದುಕೊಂಡವಳು ನಾನೇ ಎಂದೆಯಲ್ಲ, ಅದು ಸುಳ್ಳು. ಯಾಕೆ ಹೇಳಿದೆ ಅಂತಲೂ ಗೊತ್ತು. ನಾನಾಗ ಹದಿನಾರರವಳು, ಹಾಜರಿ ಪುಸ್ತಕದಲ್ಲಿಲ್ಲದೆ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದವಳು. ಪೊಲೀಸು ಕೋರ್ಟು ಅಂತ ನಾನು ಅಲೆಯುವುದು ಬೇಡ ಎಂದು ನೀನು ಅಂದುಕೊಂಡೆ. ಜೊತೆಗೆ, ನೀನು ಕೌಂಟರ್ ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂಬುದು ಅಪ್ಪನ ಕಿವಿಗೆ ಬೀಳುತ್ತಿತ್ತು. ನೀನು ಭಾವನ ಜೊತೆ ಮೊದಲ ಸಲ ಪಾರ್ಕಿಗೆ ಹೋದ ಸಂಜೆ ಅದು. ಹದಿಮೂರು. ಅದನ್ನು ನಾನು ಮರೆಯುವಂತೆಯೇ ಇಲ್ಲ. ಪ್ರತಿ ವರ್ಷ ಅವತ್ತು ಭಾವ ಫೋನ್ ಮಾಡಿ, 'ನೀನು ಕೌಂಟರ್ ನೋಡ್ಕೊಳ್ದೆ ಇದ್ದಿದ್ರೆ ನಮ್ಮ ಮದುವೆ ಎಲ್ಲಾಗ್ತಿತ್ತು' ಅನ್ನುತ್ತಾರೆ.

ನನ್ನ ಬಲಗೈ ಹೆಬ್ಬೆರಳು ಅವತ್ತೇ ಮಧ್ಯಾಹ್ನ ಇಸ್ತ್ರಿಗೆ ತಗುಲಿ ಸುಟ್ಟಿತ್ತು, ಕಲೆ ಇನ್ನೂ ಇದೆ. ಐದೂವರೆಗೆ ಆ ಬೈಂಡರು ಬಂದ. ಚೀಟಿ ಬರೆಯಲು ಕಷ್ಟಪಡುತ್ತಿದ್ದೆ. ತಣ್ಣೀರಲ್ಲಿ ಇಟ್ಕೋಬೇಕಿತ್ತಮ್ಮ ಅಂದ. ಕೊಲೆಗೆ ಎರಡೂವರೆ ಗಂಟೆ ಮುಂಚೆ ಆ ಕೋಟು ನಮ್ಮ ಬುಟ್ಟಿಯಲ್ಲಿತ್ತು. ಅದರ ಮೇಲೆ ರಕ್ತ ಇರಲಿಲ್ಲ. ಬೈಂಡಿಂಗ್ ಅಂಟು ಮೆತ್ತಿತ್ತು.

ಈಗಷ್ಟೇ ಹೊಳೆಯಿತು ಎಂದು ಬರೆದರೆ ನನಗೆ ಎಷ್ಟು ಹಗುರ! ಆದರೆ ತೀರ್ಪಿನ ಸುದ್ದಿ ಬಂದ ದಿನ ಪೇಪರಿನಲ್ಲಿ 'ಮರುದಿನ ಕೊಟ್ಟ ಕೋಟು' ಎಂದು ಓದಿ ನಿನ್ನ ಹತ್ತಿರ ಬಂದಿದ್ದೆ, ನೆನಪಿದೆಯಾ? ನೀನು ಮದುವೆ ಸೀರೆಗೆ ಅಂಚು ಹೊಲಿಯುತ್ತಿದ್ದೆ. 'ಸುಮ್ನಿರು, ಕೋರ್ಟಿನವರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತೆ' ಅಂದೆ. ನಾನು ಸುಮ್ಮನಾದೆ. ನೀನು ಸುಮ್ಮನಿರಿಸಿದೆ ಎಂದು ಇಷ್ಟು ವರ್ಷ ತಪ್ಪನ್ನು ನಿನ್ನ ಮೇಲೆ ಹಾಕಿ ಆರಾಮವಾಗಿದ್ದೆ. ನಿಜವಾಗಿ, ಸುಮ್ಮನಿರು ಅಂತ ನೀನು ಅಂದಾಗ ನನಗೆ ಖುಷಿಯಾಗಿತ್ತು. ಬಾಯಿಬಡುಕಿ ಅಂತ ಊರೆಲ್ಲ ಕರೆಸಿಕೊಂಡವಳು ಇದೊಂದಕ್ಕೆ ಮಾತ್ರ ಬಾಯಿ ಬಿಡಲಿಲ್ಲ.

ಅವನ ಪರವಾಗಿ ಈಗ ಒಬ್ಬ ವಕೀಲೆ ಹೋರಾಡುತ್ತಿದ್ದಾಳೆ. ನಾವಿಬ್ಬರೂ ಹೋಗಿ ಹೇಳೋಣ. ನಿನ್ನನ್ನು ಜನ ಬೈಯುತ್ತಾರೆ. ನನ್ನನ್ನೂ ಬೈಯುತ್ತಾರೆ. ನಿನ್ನ ಹಳೆಯ ಸಾಕ್ಷಿಗೆ ಕೇಸಾದರೂ ಆಗಬಹುದು, ಮುಚ್ಚಿಡುವುದಿಲ್ಲ. ಯೋಚಿಸಿ ಉತ್ತರ ಬರೆ. ಹತ್ತು ದಿನ ಕಾಯುತ್ತೇನೆ. ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟನ್ನೇ ಬರೆ, ಆದರೆ ಬರೆ.

ನಿನ್ನ ಮಡಿಲಲ್ಲೇ ಬೆಳೆದ,
ತಂಗಿ

ಮರೆತ ಮಾತು: ಹತ್ತು ದಿನ ಕಾಯುತ್ತೇನೆ ಎಂದದ್ದು ಸುಳ್ಳು. ನೀನು ಬೇಡ ಅಂದರೆ ಮತ್ತೆ ಖುಷಿಯಾಗಿ ಸುಮ್ಮನಾಗಿಬಿಡುತ್ತೇನೆ ಎಂಬ ಭಯಕ್ಕೆ ಶುಕ್ರವಾರವೇ ಹೋಗಿ ಆ ವಕೀಲೆಗೆ ಎಲ್ಲ ಹೇಳಿ ಸಹಿ ಹಾಕಿ ಬಂದೆ. ಅವತ್ತು ನೀನು ಎಲ್ಲಿಗೆ ಹೋಗಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ, ಅದು ನಿನ್ನ ಬಾಯಿಂದಲೇ ಬರಲಿ ಎಂದು. ನಾನಿನ್ನೂ ಅಲ್ಲೇ ಕೂತಿದ್ದಾಗ ವಕೀಲೆಗೆ ಜೈಲಿನಿಂದ ಅವನ ಫೋನು ಬಂತು. ಸುದ್ದಿ ಕೇಳಿ ಅವನು, ಯಾವಾಗ ಬಿಡ್ತಾರೆ ಅಂತ ಕೇಳಲಿಲ್ಲ ಅಕ್ಕ. 'ಹಾಗಾದ್ರೆ ಆ ಹುಡುಗಿ ನಿಜವಾಗ್ಲೂ ಇದ್ಲಾ?' ಅಂತ ಕೇಳಿದನಂತೆ. ಅವನೇ ನಂಬುವುದನ್ನು ಬಿಟ್ಟುಬಿಟ್ಟಿದ್ದ. ಗುರುವಾರ ಬೆಳಗ್ಗೆ ವಕೀಲೆ ನಿಮ್ಮ ಮನೆಗೆ ಬರುತ್ತಾಳೆ. ಬಾಗಿಲು ತೆಗೆ.