ನೀಲಿ ಚಾಕಿನ ಗೀಟು

ಜನವರಿ 9, ಬೆಳಿಗ್ಗೆ 6

ಹಾಲು ಒಲೆಯ ಮೇಲೆ, ಗ್ರಾಮರ್ ಪುಸ್ತಕ ತೊಡೆಯ ಮೇಲೆ. ಇಂದಿನಿಂದ ಪ್ರೊನೌನ್. ಹೊಲಿಗೆ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಇನ್ನೂ ಟೆಂಪರರಿ. ಜೂನ್ ಮುಗಿಯುವುದರೊಳಗೆ ಹತ್ತನೇ ತರಗತಿ ಪಾಸಾದರೆ ಪರ್ಮನೆಂಟ್, ಇಲ್ಲವಾದರೆ ಮನೆ. ಉಳಿದಿರುವುದು ಇಂಗ್ಲಿಷ್ ಒಂದೇ. ಎರಡು ಸಲ ಡುಮ್ಕಿ.

ಪಾಠ ಹೇಳುವವರು ಅತ್ತೆ. ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವರು. ಮದುವೆಯಾದ ವರ್ಷ ನನ್ನನ್ನು ಪರೀಕ್ಷೆಗೆ ಕೂರಲು ಬಿಡದವರೂ ಅವರೇ. ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ. ನಾನಂತೂ ಮರೆತಿಲ್ಲ.

ಜನವರಿ 17

‘ದ ಬಾಕ್ಸ್ ಆಫ್ ನೀಡಲ್ಸ್ ಹ್ಯಾಸ್ ಲಾಸ್ಟ್…’ ಮುಂದೆ ‘ದೇರ್ ಲಿಡ್’ ಎಂದು ಬರೆದು ಓದಿದೆ.

“ಮುಚ್ಚಳ ಯಾವುದಕ್ಕಿರತ್ತೆ ಕಣೇ, ಸೂಜಿಗಾ, ಡಬ್ಬಿಗಾ?”

“ಡಬ್ಬಿಗೆ.”

“ಮತ್ತೆ? ಡಬ್ಬಿ ಒಂದೇ ತಾನೆ? ‘ಇಟ್ಸ್’ ಅನ್ನು. ಪ್ರೊನೌನ್ ಬಂದ ತಕ್ಷಣ ಹಿಂದೆ ತಿರುಗಿ ನೋಡು, ಯಾವ ನೌನ್ ಬದಲಿಗೆ ಬಂದಿದೆ ಅಂತ. ಅಲ್ಲೀವರೆಗೂ ಗೀಟು ಎಳಿ.”

ಪೆನ್ಸಿಲ್ ಗೀಟು ಅತ್ತೆಗೆ ಕಾಣಲಿಲ್ಲ, ಕಣ್ಣು ಅಷ್ಟು ಮಂಜು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಲ್ಲಿ ದಪ್ಪಗೆ ಎಳೆದೆ. ಹಾಳೆಗೆ ಮೂಗು ತಾಗಿಸಿ ನೋಡಿ “ಹೂಂ” ಎಂದರು. ಮೂಗಿನ ತುದಿ ನೀಲಿಯಾಯಿತು. ಹೇಳಲಿಲ್ಲ.

ಮಾರ್ಚ್ 2

‘ಈಚ್ ಆಫ್ ದ ಗರ್ಲ್ಸ್’ — ಎಷ್ಟೇ ಹುಡುಗಿಯರಿರಲಿ, ‘ಈಚ್’ ಒಂಟಿ. ‘ಹರ್’ ಬರಬೇಕು. ಹತ್ತಕ್ಕೆ ಹತ್ತೂ ಸರಿ!

“ಕೋಣ ಕಿನ್ನರಿ ಕೇಳೋಕೆ ಶುರು ಮಾಡಿದೆ,” ಎಂದರು ಅತ್ತೆ. ಅವರ ಬಾಯಲ್ಲಿ ಇದು ಹೊಗಳಿಕೆ. ದಿನವಿಡೀ ಖುಷಿ.

ಏಪ್ರಿಲ್ 4, ಮಧ್ಯಾಹ್ನ 2

ಇಂಗ್ಲಿಷ್ ಪರೀಕ್ಷೆಯಲ್ಲಿ ಕೆಲಸ ಕೆಟ್ಟಿತು. ಪೆನ್ನಿನ ಜೊತೆಯಲ್ಲೇ ನೀಲಿ ಚಾಕ್ ಇತ್ತು. ಅಭ್ಯಾಸಬಲ… ಉತ್ತರ ಪತ್ರಿಕೆಯ ಮೇಲೇ ಮೂರು ಗೀಟು ಎಳೆದುಬಿಟ್ಟೆ.

“ಏನಮ್ಮಾ ಇದು? ಗುರುತು ಹಾಕಿದ್ರೆ ಕಾಪಿ ಕೇಸ್ ಅಂತಾರೆ,” ಎಂದು ಸೂಪರ್‌ವೈಸರ್ ನನ್ನ ನಂಬರ್ ಬರೆದುಕೊಂಡರು.

ಮೇ 12

ರಿಸಲ್ಟ್ ತಡೆಹಿಡಿದಿದ್ದಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟು ತಡೆಯಲಾಗದೆ ಅಂದೇಬಿಟ್ಟೆ: “ನಿಮ್ಮ ಕಣ್ಣಿಗೋಸ್ಕರ ಕಲಿತ ಚಾಳಿ ಅತ್ತೆ ಇದು. ಆಗಲೂ ನೀವೇ, ಈಗಲೂ ನೀವೇ.”

ಅತ್ತೆ ತಟ್ಟೆ ಬಿಟ್ಟು ಎದ್ದರು. ಅನ್ನಬಾರದಿತ್ತು.

ಮೇ 13, ಸಂಜೆ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. “ನಡಿ, ಪರೀಕ್ಷಾ ಆಫೀಸಿಗೆ.” ನಮ್ಮ ಅಭ್ಯಾಸದ ನೋಟ್‌ಬುಕ್ ಕಂಕುಳಲ್ಲಿ.

ಅಧಿಕಾರಿ ಪುಟ ತಿರುವಿದರು. ಪ್ರತಿ ಪುಟದಲ್ಲೂ ನೀಲಿ ಗೀಟು.

“ನನಗೆ ಅಕ್ಷರ ಕಾಣಲ್ಲ ಸಾರ್, ಗೀಟು ಕಾಣತ್ತೆ. ಅದಕ್ಕೇ ಇವಳು ಚಾಕಲ್ಲಿ ಎಳೀತಾಳೆ,” ಎಂದರು ಅತ್ತೆ. ಕನ್ನಡಕ ಸರಿಮಾಡಿಕೊಂಡು, “ಇಪ್ಪತ್ತೆರಡು ವರ್ಷದ ಹಿಂದೆ ಇವಳನ್ನ ಪರೀಕ್ಷೆಗೆ ಕಳಿಸದೆ ಇದ್ದೋಳು ನಾನು. ತಪ್ಪು ಮಾಡಿದೆ. ಇನ್ನೊಂದು ಸಲ ನನ್ನಿಂದ ಇವಳಿಗೆ ಪರೀಕ್ಷೆ ತಪ್ಪಬಾರದು.”

ನನ್ನ ಮುಖ ನೋಡಲಿಲ್ಲ. ನಾನು ಅತ್ತುಬಿಟ್ಟೆ. ಅಧಿಕಾರಿ ನೋಟ್‌ಬುಕ್ ಇಟ್ಟುಕೊಂಡರು. ಬಸ್ಸಿನಲ್ಲಿ ಅತ್ತೆಯ ಕೈ ಹಿಡಿದುಕೊಂಡೇ ಬಂದೆ.

ಜೂನ್ 3, ಬೆಳಿಗ್ಗೆ 11

ಇಂಗ್ಲಿಷ್ ಅರವತ್ತೊಂದು. ಪಾಸು! ಜೋರಾಗಿ ಎರಡು ಸಲ ಓದಿ ಹೇಳಿದೆ. ಅತ್ತೆ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

“ಮಿಕ್ಕ ಮೂವತ್ತೊಂಬತ್ತು ಎಲ್ಲಿ ಹೋಯ್ತು? ಪ್ರಶ್ನೆಪತ್ರಿಕೆ ತಗೊಂಡು ಬಾರೇ.”

ಬಂದೆ ಅತ್ತೆ, ಬಂದೆ. ಈ ಚಾಕ್ ಎಲ್ಲಿಟ್ಟೆ…