ಧೂಳ್ತದ ಚೀಲ

ಹೊನ್ನೂರು, ೭-೨-೧೯೬೪, ಶುಕ್ರವಾರ

ಔಷಧಿ ಡಬ್ಬಿಯನ್ನು ಇವತ್ತು ಮೂರು ಸಲ ಕಟ್ಟಿದೆ. ಮೂರು ಸಲವೂ ಅವ್ವ ಬಿಚ್ಚಿ ಟಿಂಚರು, ಹತ್ತಿ, ಬೋರಿಕ್ ಪುಡಿ, ಹಳೆ ಪಂಚೆ ಹರಿದು ಸುತ್ತಿದ್ದ ಪಟ್ಟಿ ಎಲ್ಲವನ್ನೂ ಜಗಲಿಯ ಮೇಲಿಟ್ಟಳು.

“ಮಾದಪ್ಪನ ಬೆಟ್ಟಕ್ಕೆ ನಡೆಯೋ ಕಾಲ್ಗೆ ಔಸ್ತಿ ಮುಟ್ಟಿಸ್ಬಾರ್ದು ಕಣ್ಲಾ. ಅವನ ಧೂಳ್ತ ಅದೆ, ಸಾಕು.”

ಹೋದ ವರ್ಷ ತಮ್ಮ ಗುರುಮಲ್ಲನೂ ಹೀಗೆಯೇ ಬರಿಗಾಲಲ್ಲಿ ಹೊರಟಿದ್ದ. ಹನೂರು ದಾಟಿದ ಮೇಲೆ ಮುಳ್ಳು ಹೊಕ್ಕಿತು. ಗಾಯಕ್ಕೆ ಧೂಳ್ತವೆಂಬ ಆ ಬೂದಿಯನ್ನೇ ಒತ್ತಿದರು. ಎಂಟನೇ ದಿನ ದವಡೆ ಕಚ್ಚಿಕೊಂಡು, ಬಿಲ್ಲಿನಂತೆ ಬಾಗಿ ಸತ್ತ. ನಾನು ಊರಿಗೆಲ್ಲ ಪಟ್ಟಿ ಕಟ್ಟುವ ಕಾಂಪೌಂಡರು! ಅವನ ಹರಕೆ ತೀರಿಸಲು ಅವ್ವ ನಾಳೆ ಕೋಳಿ ಕೂಗುವಾಗ ಹೊರಡುತ್ತಾಳೆ. ನನಗೆ ರಜೆ ಸಿಕ್ಕಿಲ್ಲ.

ಸಂಜೆ ಅವಳು ನೀರಿಗೆ ಹೋದಾಗ ಬೋರಿಕ್ ಪುಡಿಯನ್ನೆಲ್ಲ ಧೂಳ್ತದ ಚೀಲಕ್ಕೆ ಸುರಿದು ಬೆರೆಸಿಬಿಟ್ಟೆ. ಗಾಯಕ್ಕೆ ಹಚ್ಚಿದರೆ ಅಷ್ಟಾದರೂ ಔಷಧಿ ತಗಲಲಿ ಎಂದು. ಎರಡೂ ಬಿಳುಪು. ಗೆದ್ದೆ ಎಂದುಕೊಂಡು ನೆಮ್ಮದಿಯಾಗಿ ಉಂಡೆ.

ಇದನ್ನು ಬರೆಯಲು ಕೂತಾಗ ನೆನಪಾಯಿತು. ಹಣೆಗೆ ಇಟ್ಟುಕೊಳ್ಳುವಾಗಲೆಲ್ಲ ಅವ್ವ ಒಂದು ಚಿಟಿಕೆ ಬಾಯಿಗೂ ಹಾಕಿಕೊಳ್ಳುತ್ತಾಳಲ್ಲ! ದಾರಿಯುದ್ದಕ್ಕೂ, ಸಿಕ್ಕ ಮಂಟಪದಲ್ಲೆಲ್ಲ. ಆ ಪುಡಿಯ ಬಾಟ್ಲಿಗೆ ‘ಹೊಟ್ಟೆಗೆ ಕೊಡಕೂಡದು’ ಎಂದು ಚೀಟಿ ಅಂಟಿಸಿದವನು ನಾನೇ.

ಓಡಿದೆ. ಚೀಲ ಅವಳ ಮುಷ್ಟಿಯಲ್ಲಿತ್ತು. ಎಳೆದೆ, ಬಿಡಲಿಲ್ಲ. ನಿದ್ದೆಗಣ್ಣಲ್ಲೇ ಕೇಳಿದಳು:

“ಯಾರ್ಲಾ, ಗುರುಮಲ್ನಾ?”

ಹ್ಞೂಂ ಕಣವ್ವ, ಎಂದೆ.

ಮುಷ್ಟಿ ಬಿಟ್ಟಳು.