ಬ್ಯಾರೇಜಿಗೆ ಕೊಟ್ಟ ಬಾಗಿಲುಗಳು

ಬೀದರ
೮ ಡಿಸೆಂಬರ್ ೨೦೦೩

ಪ್ರೀತಿಯ ಮೀರಕ್ಕನಿಗೆ ತಂಗಿ ಅಂಜನಾಳ ನಮಸ್ಕಾರ. ಮಚ್ಛೇಂದ್ರ ಭಾವನಿಗೂ ಹೇಳು.

ದೀಪಾವಳಿಗೆ ನೀನು ಬರೆಸಿ ಕಳಿಸಿದ ಕಾಗದ ಮುಟ್ಟಿತ್ತು. ಮಾಂಜ್ರಾ ಹೊಳೆಯಲ್ಲಿ ನೀರು ನಿಂತರೆ ತಿಳಿಸು, ಹೈದರಾಬಾದಿನ ಕೆಲಸ ಬಿಟ್ಟು ಬಂದುಬಿಡುತ್ತೇವೆ ಎಂದಿದ್ದೆ. ಉತ್ತರ ತಡವಾಯಿತು. ನೀರು ನಿಂತಿತ್ತು ಅಕ್ಕ. ಆದರೆ ನೀವು ಬರಬೇಡಿ.

ಮಳೆಗಾಲ ಮುಗಿಯುತ್ತಲೇ ಬ್ಯಾರೇಜಿನ ಗೇಟು ಇಳಿಸಿದರೆ ಮಾತ್ರ ಹೊಳೆಯ ಕಡೆಯ ನೀರು ನಮಗೆ ಉಳಿಯುತ್ತದೆ. ಈ ಸಲ ದಸರೆ ಕಳೆದರೂ ಇಳಿಸುವವರು ಬರಲಿಲ್ಲ. ಹೊಳೆ ಕಣ್ಣೆದುರೇ ತೆಳ್ಳಗಾಗುತ್ತಿತ್ತು. ಕೊನೆಗೆ ಊರವರೇ ಹಗ್ಗ ಕಟ್ಟಿ ಇಳಿಸಿದರು. ನಡುವಿನ ಒಂದು ಗೇಟು ಮಾತ್ರ ಇರಲಿಲ್ಲ. ರಿಪೇರಿಗೆಂದು ಹೋದ ವರ್ಷ ಲಾರಿಯಲ್ಲಿ ಹೇರಿಕೊಂಡು ಹೋದದ್ದು ತಿರುಗಿ ಬಂದಿಲ್ಲ. ನಿಂತ ನೀರೆಲ್ಲ ಆ ಒಂದು ಸಂದಿನಿಂದ ಹೋಗುತ್ತಿತ್ತು.

ನಮ್ಮ ಬಡಿಗ ಯಾಕೂಬ ಚಾಚಾ ದಂಡೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. ಅಲ್ಲಿಂದಲೇ, "ಅರ್ಧ ಊರಿಗಿ ಕೀಲಿ ಬಿದ್ದದ. ಆ ಬಾಗಲಾ ಯಾರ್ನ ಕಾಯ್ಲಿಕ್ಕತ್ಯಾವ? ಕಿತ್ತಿ ತರ್ರಿ, ನಾ ಕೂಡಿಸ್ತೇನಿ" ಎಂದ.

"ಕಳ್ಳರು ಬಂದ್ರ ಹ್ಯಾಂಗೋ ಚಾಚಾ?" ಎಂದರು ಪಂಚಾಯತಿಯ ಮನ್ಮಥಪ್ಪ ಕಾಕಾ.

"ಕಳ್ಳರೂ ಮುಂಬಯಿಗಿ ದುಡೀಲಿಕ್ಕ ಹೋಗ್ಯಾರ, ಚಿಂತಿ ಬಿಡ್ರಿ."

ಎಲ್ಲರೂ ನಕ್ಕರು. ನಕ್ಕವರೇ ಹೋಗಿ ಬಾಗಿಲು ತಂದರು. ಊರು ಬಿಟ್ಟವರೆಲ್ಲ ಕೀಲಿಯನ್ನು ಪಕ್ಕದವರ ಕೈಗೆ ಕೊಟ್ಟು ಹೋಗಿದ್ದರಲ್ಲ, ಅವರನ್ನೇ ಕೇಳಿದರು. ನಿಮ್ಮ ಬಾಗಿಲು ನಾನು ಕೊಟ್ಟೆ. ನಿಮ್ಮನ್ನು ಕೇಳಲು ಪುರಸೊತ್ತು ಇರಲಿಲ್ಲ. ನಿನ್ನ ಪಾತ್ರೆ, ಕೌದಿ ಎಲ್ಲವನ್ನೂ ಯಾಕೂಬ ಚಾಚಾನ ಮನೆಯಲ್ಲಿ ಇಟ್ಟಿದ್ದೇನೆ.

ಚಾಚಾ ಬಾಗಿಲುಗಳನ್ನು ಒಂದರ ಮೇಲೊಂದು ಸಂದಿಗೆ ಇಳಿಸಿ ಬಡಿದ. ಹೆಂಗಸರು ಗೋಣಿಚೀಲಕ್ಕೆ ಮಣ್ಣು ತುಂಬಿ ಒಗೆದೆವು. ಒಂದು ಬಾಗಿಲಿಗೆ ಪೋಲಿಯೋ ಹನಿ ಹಾಕುವವರು ಬರೆದ ಸೀಮೆಸುಣ್ಣದ ಗುರುತು ಹಾಗೇ ಇತ್ತು. ನೀರು ಏರಿ ಆ ಗುರುತನ್ನು ಅಳಿಸಿದ ದಿನ ನಮ್ಮ ಮನೆಯವರು ಇಂಜಿನ್ನು ಇಳಿಸಿ ಕಡಲೆಗೆ ನೀರು ಬಿಟ್ಟರು. ನೀವು ಬರುತ್ತೀರೆಂದು ನಿಮ್ಮ ಹೊಲಕ್ಕೂ ಕಡಲೆ ಹಾಕಿದ್ದೆವು. ಅವತ್ತೇ ನಿನಗೆ ಬರೆಯಬೇಕೆಂದಿದ್ದೆ. ಇನ್ನೊಂದು ವಾರ ನೋಡೋಣ ಎಂದು ಸುಮ್ಮನಾದೆ.

ಅಷ್ಟರಲ್ಲಿ ನೀರಾವರಿ ಸಾಹೇಬರ ಜೀಪು ಬಂತು. ನಾವು ಕೆಟ್ಟದ್ದು ಅಲ್ಲೇ ಅಕ್ಕ. ಬಂದವರ ಮುಂದೆ ಮೊದಲಿಗೇ ಕೊರತೆ ಹೇಳಬಾರದು, ಚಹಾ ಆಗಲಿ, ಆಮೇಲೆ ಮಾತು ಎನ್ನುವುದು ನಮ್ಮ ಕಡೆಯ ರೀತಿ. ಹೊಳೆಗೆ ಕಾಯಿ ಒಡೆಸಿದರು. ಮನ್ಮಥಪ್ಪ ಕಾಕಾ, "ನೋಡ್ರಿ ಸಾಹೇಬ್ರ, ಸಮುದ್ರ ಆಗ್ಯಾದ!" ಎಂದು ಕೈ ಬೀಸಿ ತೋರಿಸಿದರು. ಬಾಗಿಲುಗಳು ನೀರಿನೊಳಗಿದ್ದವು, ಮೇಲೆ ಏನೂ ಕಾಣುತ್ತಿರಲಿಲ್ಲ. ಸಾಹೇಬರು ಬ್ಯಾರೇಜಿನ ಸೇತುವೆಯ ಮೇಲಿಂದ ಫೋಟೋ ಹೊಡೆದುಕೊಂಡರು. ಯಾಕೂಬ ಚಾಚಾ ಗೇಟಿನ ಮಾತು ತೆಗೆದಾಗ ಕಾಕಾ, "ಚಾ ಕುಡೀಲಿಕ್ಕ ಬಿಡಪಾ ಮೊದ್ಲ" ಎಂದು ಗದರಿದರು. ಸಾಹೇಬರು ನಿಂತುಕೊಂಡೇ ಚಹಾ ಕುಡಿದು ಜೀಪು ಹತ್ತಿದರು. ಅವರ ಹಿಂದೆ ಓಡಿ ಹೇಳುವುದು ಯಾರಿಗೂ ಸರಿ ಕಾಣಲಿಲ್ಲ.

ಮುಂದೆ ಎರಡು ವಾರವೂ ತಡೆಯಲಿಲ್ಲ. ಹಳೆಯ ಹಲಗೆ, ನೆನೆದು ಉಬ್ಬಿದ್ದವು. ನಾನು ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಯಾರೋ ತೆರೆದ ಹಾಗೆ ಒಂದು ಬಾಗಿಲು ವಾಲಿತು. ಆಮೇಲೆ ಎಲ್ಲವೂ ಹೋದವು. ಗಂಡಸರು ಓಡಿಬರುವಷ್ಟರಲ್ಲಿ ನೀರಿನ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ. ಮರುದಿನ ಹೊಳೆಯ ತಳದ ಕಲ್ಲು ಕಂಡವು. ಕಡಲೆ ಆಗಷ್ಟೇ ಹೂ ಬಿಟ್ಟಿತ್ತು. ಈಗ ದನಗಳೂ ಮೂಸುವುದಿಲ್ಲ, ಅಷ್ಟು ಒಣಗಿದೆ.

ಕಾಕಾ ಭಾಲ್ಕಿಯ ನೀರಾವರಿ ಕಚೇರಿಗೆ ಹೋದರು. ಬೀದರಕ್ಕೆ ಹೋಗಿ ಎಂದರಂತೆ. ಇವತ್ತು ನಾನೂ ನಮ್ಮ ಮನೆಯವರೂ ಅವರ ಜೊತೆ ಇಲ್ಲಿಗೆ ಬಂದೆವು. ಇಲ್ಲಿಯ ಗುಮಾಸ್ತರು ಫೈಲು ತಿರುವಿ, "ಎಲ್ಲಾ ಗೇಟ್ ಹಾಕ್ಯಾರಂತ ರಿಪೋರ್ಟ್ ಅದ. ಫೋಟೋದಾಗ ನೀರೂ ಅದ. ಮತ್ತ ಯಾವ ಗೇಟ್ ಕೇಳ್ಲಿಕ್ಕತ್ತೀರಿ?" ಎಂದರು.

"ಅವು ನಮ್ಮ ಮನಿ ಬಾಗಲಾರಿ" ಎಂದರು ಕಾಕಾ.

"ಸರಕಾರಿ ಬ್ಯಾರೇಜಿನಾಗ ಬಾಗಲಾ ಯಾರ್ ಹಾಕಂದ್ರು ನಿಮಗ? ಬರದು ಕೊಡ್ರಿ ಹಂಗಂತ. ನಿಮ್ಮ ಮ್ಯಾಲೇ ಕೇಸ್ ಆಗ್ತದ."

ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಊರಲ್ಲಿ ಅಷ್ಟು ಜೋರು ಮಾತಾಡುವ ಮನುಷ್ಯ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನಾಲ್ಕು ಮಂದಿಯ ಮುಂದೆ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಆದರೂ ಬಾಗಿಲ ಹತ್ತಿರದಿಂದಲೇ, "ಆ ಗೇಟ್ ಈಗ ಎಲ್ಲಿ ಅದರಿ?" ಎಂದು ಕೇಳಿಬಿಟ್ಟೆ. ಗುಮಾಸ್ತರು ತಲೆ ಎತ್ತಲಿಲ್ಲ. "ಮುಂದಿನ ವರ್ಷ ಮಳಿಗಾಲ ಆದಮ್ಯಾಲ ಬರ್ರಿ ತಾಯಿ" ಎಂದು ಫೈಲು ಕಟ್ಟಿದರು.

ಭಾವನಿಗೆ ಸಿಟ್ಟು ಬರುತ್ತದೆ. ನನ್ನನ್ನೇ ಬೈಯಲಿ, ಚಾಚಾನನ್ನು ಬೈಯುವುದು ಬೇಡ. ಅಲ್ಲಿ ಹಿಡಿದ ಕೆಲಸ ಬಿಡಬೇಡಿ. ಮಕ್ಕಳು ಊರು ಕೇಳಿದರೆ ಬೇರೆ ಏನಾದರೂ ಹೇಳಿ ಮರೆಸು.

ನಿನ್ನ
ಅಂಜನಾ

ತಾ.ಕ.: ಊರಿನ ವಿಳಾಸಕ್ಕೆ ಉತ್ತರ ಬರೆಸಬೇಡ ಅಕ್ಕ. ಬೆಳಿಗ್ಗೆ ಊರಿಂದ ಹೊರಡುವಾಗಲೇ ನಾವು ಗಂಟು ಕಟ್ಟಿಕೊಂಡು ಬಂದಿದ್ದೆವು. ಕಾಕಾ ಒಬ್ಬರೇ ಬಸ್ಸು ಹತ್ತಿ ಹೋದರು. ಇಲ್ಲಿಯ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಹಮಾಲಿ ಕೆಲಸ ಕೇಳಿದರೆ, ಹೊರಲು ಕಾಳೇ ಇಲ್ಲ ಎಂದರು. ತೊಗರಿಯ ಖಾಲಿ ಚೀಲಗಳ ಪಕ್ಕ ಕುಳಿತು ಇದನ್ನು ಬರೆಯುತ್ತಿದ್ದೇನೆ, ನಮ್ಮನ್ನು ಕೆಲಸಕ್ಕೆ ಕರೆದೊಯ್ಯುವ ಪುಣೆಯ ಲಾರಿ ಇನ್ನೂ ಬಂದಿಲ್ಲ. ಮುಂದಿನ ವರ್ಷ ಹೊಳೆಯಲ್ಲಿ ನೀರು ನಿಂತರೂ ನಿನಗೆ ತಿಳಿಸಲು ನಾನು ಅಲ್ಲಿರುವುದಿಲ್ಲ.